ಆಸಿಡ್ ಕ್ಲೀನರ್, ಐರನ್ ರಿಮೂವರ್, ಕಾರ್ ಶಾಂಪೂ: ಬ್ರೇಕ್‌ಗೆ ಪೆಟ್ಟು ಬಿದ್ದ ಮೇಲೆ ನಾನು ಉಳಿಸಿಕೊಂಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಿನ ಚಕ್ರಗಳಿಗೆ ಈಗ ಎರಡು ಬಕೆಟ್ ನೀರು, ಒಂದು ಮುಚ್ಚಳ ಕಾರ್ ಶಾಂಪೂ, ಒಂದು ಮೆತ್ತನೆಯ ಬ್ರಷ್ ಸಾಕು. ಚಕ್ರಕ್ಕೆ ಕಚ್ಚಿದ ಕಬ್ಬಿಣದ ಪುಡಿ ತೆಗೆಯುವ ಐರನ್ ರಿಮೂವರ್ ಬಾಟಲಿಯೂ ಮನೆಯಲ್ಲಿದೆ, ಅದನ್ನು ವರ್ಷಕ್ಕೆ ಎರಡು ಸಲ ತೆಗೆಯುತ್ತೇನೆ. ಆಸಿಡ್ ಕ್ಲೀನರ್ ಮಾತ್ರ ಇನ್ನು ಮನೆಗೆ ಬರುವುದಿಲ್ಲ.

ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು. ಮುಂದಿನ ಎರಡು ಅಲಾಯ್ ಚಕ್ರಗಳು ಮಸಿ ಬಳಿದ ಹಾಗೆ ಆಗಿದ್ದವು. ಹಿಂದಿನವು ಅಷ್ಟು ಇರಲಿಲ್ಲ. ಅಲ್ಲಿರುವುದು ಡ್ರಮ್ ಬ್ರೇಕ್, ಸವೆದ ಪುಡಿ ಬಹುಪಾಲು ಡ್ರಮ್ಮಿನ ಒಳಗೇ ಉಳಿಯುತ್ತದೆ. ಮುಂದೆ ಚಕ್ರದ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಾಗ ಹಾರುವ ಪುಡಿಯಲ್ಲಿ ಕಬ್ಬಿಣ ಜಾಸ್ತಿ. ಅದು ಬಿಸಿಬಿಸಿಯಾಗಿ ಹಾರಿ ಚಕ್ರದ ಮೇಲಿನ ಲೇಪಕ್ಕೆ ಕಚ್ಚಿಕೊಳ್ಳುತ್ತದೆ. ಬರೀ ನೀರಿಗೆ ಹೋಗುವುದಿಲ್ಲ.

ಆಕ್ಸೆಸರೀಸ್ ಅಂಗಡಿಯಲ್ಲಿ 180 ರೂಪಾಯಿಗೆ ಒಂದು ವೀಲ್ ಕ್ಲೀನರ್ ಕೊಟ್ಟರು, ಆಸಿಡ್ ಇರುವಂಥದ್ದು. 'ಹಚ್ಚಿ, ಎರಡು ನಿಮಿಷ ಬಿಡಿ, ತೊಳೆಯಿರಿ' ಅಂದರು. ನೆಲಮಂಗಲದಿಂದ ಟ್ರಾಫಿಕ್‌ನಲ್ಲಿ ಬ್ರೇಕ್ ಒತ್ತುತ್ತಲೇ ಬಂದಿದ್ದೆ, ಚಕ್ರ ಇನ್ನೂ ಸುಡುತ್ತಿತ್ತು. ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಸ್ಪ್ರೇ ಮಾಡಿದೆ. ನಾಲ್ಕನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಒಣಗಿಹೋಗಿತ್ತು. ಕಪ್ಪೇನೋ ಹೋಯಿತು. ಆದರೆ ಹಾಲು ಚೆಲ್ಲಿ ಒಣಗಿದಂಥ ಬಿಳಿ ಕಲೆ ಉಳಿಯಿತು. ಲೇಪವೇ ಸುಟ್ಟಿತ್ತು, ಪಾಲಿಶ್‌ಗೂ ಹೋಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಚಕ್ರದ ಮುಖಕ್ಕೆ ಎರಡು ಮಗ್ ನೀರು ಹೊಡೆದು, ಕಾರನ್ನು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮನೆಯೊಳಗೆ ಹೋದೆ. ಮರುದಿನ ರೈಲಿನಲ್ಲಿ ಊರಿಗೆ ಹೋದವನು ಒಂಬತ್ತು ದಿನ ಬಿಟ್ಟು ಬಂದೆ. ಕಾರು ತೆಗೆಯುವಾಗ ಹಿಂದಿನಿಂದ 'ಟಕ್' ಎಂದು ದೊಡ್ಡ ಸದ್ದು. ಒದ್ದೆ ಡ್ರಮ್ಮಿಗೆ, ಅದನ್ನು ಒಳಗಿನಿಂದ ಒತ್ತುವ ಬ್ರೇಕ್ ಶೂ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅದು ಬಿಟ್ಟುಕೊಂಡಿತು, ಸರಿ. ಆದರೆ 60ರ ವೇಗದಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಡಿಯಲ್ಲಿ ಮಿಡಿಯುತ್ತಿತ್ತು, ಸ್ಟೇರಿಂಗ್ ನಡುಗುತ್ತಿತ್ತು. ಒಂದು ವಾರ ಓಡಿಸಿ ನೋಡಿದೆ, ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿದ್ದಾಗ ಆ ನಡುಕ ಕೊಡುವ ಭಯವೇ ಬೇರೆ.

ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ ತೋರಿಸಿದರು. 'ನೋಡಿ ಸಾರ್, ಪ್ಯಾಡ್ ಅಚ್ಚು ಹೊಡೆದಂಗೆ ಬಿದ್ದಿದೆ.' ನಿಜ, ಡಿಸ್ಕ್ ಮೇಲೆ ಪ್ಯಾಡಿನ ಆಕಾರದಲ್ಲೇ ತುಕ್ಕಿನ ಗುರುತು. ಡಿಸ್ಕ್ ಅಂದರೆ ಬಣ್ಣವಿಲ್ಲದ ಬೀಡು ಕಬ್ಬಿಣ. ಬರೀ ನೀರು ಬಿದ್ದರೂ ಕೆಲವೇ ಗಂಟೆಯಲ್ಲಿ ಕಿತ್ತಳೆ ಬಣ್ಣ ಬರುತ್ತದೆ. ಆ ತೆಳು ತುಕ್ಕಿಗೆ ಹೆದರಬೇಕಿಲ್ಲ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಆದರೆ ಪ್ಯಾಡ್ ಮತ್ತು ಡಿಸ್ಕ್ ನಡುವೆ ಆಸಿಡ್ ಬೆರೆತ ನೀರು ಸೇರಿ, ಕಾರು ಅಲ್ಲಾಡದೆ ನಿಂತರೆ, ತುಕ್ಕು ಅಲ್ಲೇ ಆಳಕ್ಕೆ ಇಳಿಯುತ್ತದೆ. ಪ್ಯಾಡ್ ದ್ರವ ಹೀರುತ್ತದೆ ಬೇರೆ. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್ನಿಗಿರುವ ರಬ್ಬರ್ ಮುಸುಕಿನ ಪಕ್ಕದಲ್ಲೂ ಬಿಳಿ ಪುಡಿ ಕೂತಿತ್ತು.

ಡಿಸ್ಕ್‌ಗಳನ್ನು ಲೇತ್‌ಗೆ ಹಾಕಿ ಸ್ಕಿಮ್ಮಿಂಗ್ ಮಾಡಿಸಿದೆವು, ಅಂದರೆ ಮೇಲ್ಮೈಯನ್ನು ತೆಳುವಾಗಿ ಹೆರೆಸಿದೆವು. ಇಷ್ಟಕ್ಕಿಂತ ತೆಳ್ಳಗಾಗಬಾರದು ಎಂಬ ಅಳತೆಯನ್ನು ಡಿಸ್ಕ್ ಮೇಲೇ ಕೊರೆದಿರುತ್ತಾರೆ. ನನ್ನದು ಅದರೊಳಗೆ ಉಳಿದಿದ್ದು ಪುಣ್ಯ. ಹೊಸ ಪ್ಯಾಡ್, ಕೂಲಿ ಎಲ್ಲ ಸೇರಿ 4,300 ರೂಪಾಯಿ ಆಯಿತು.

ಆಸಿಡ್ ಕ್ಲೀನರ್ ಬಗ್ಗೆ ಇನ್ನೊಂದೇ ಮಾತು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ಲೇಬಲ್ ಮೇಲೆ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಎಂದಿದ್ದರೆ ದಯವಿಟ್ಟು ವಾಪಸ್ ಇಡಿ. ಚರ್ಮಕ್ಕೆ ತಾಗಿದ ತಕ್ಷಣ ನೋವಾಗದೇ ಇರಬಹುದು, ಆದರೆ ಒಳಗೆ ಇಳಿದು ಮೂಳೆಯವರೆಗೂ ತೊಂದರೆ ಕೊಡುತ್ತದೆ. ಲೇಬಲ್ಲೇ ಇಲ್ಲದ ಬಾಟಲಿಯಂತೂ ಬೇಡವೇ ಬೇಡ.

ಐರನ್ ರಿಮೂವರ್ ಒಳ್ಳೆಯ ವಸ್ತು. ನನಗೆ ಸಿಕ್ಕಿದ್ದು ಅರ್ಧ ಲೀಟರ್‌ಗೆ 650 ರೂಪಾಯಿ. ಹಚ್ಚಿದ ಕಡೆ ಕಬ್ಬಿಣದ ಪುಡಿ ಇದ್ದರೆ ನೇರಳೆ ಬಣ್ಣ ಇಳಿಯುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ. ಕೂದಲು ತೆಗೆಯುವ ಕ್ರೀಮ್‌ಗೂ ಇದಕ್ಕೂ ಥಯೋಗ್ಲೈಕೊಲೇಟ್ ಎಂಬ ಒಂದೇ ಬಗೆಯ ರಾಸಾಯನಿಕ ಬಳಸುತ್ತಾರೆ. ಆದರೆ ಡಿಸ್ಕ್ ಕೂಡ ಕಬ್ಬಿಣವೇ ಅಲ್ವಾ? ಅದರ ಮೇಲೂ ಇದು ಕೆಲಸ ಮಾಡುತ್ತದೆ. ಮೂರ್ನಾಲ್ಕು ನಿಮಿಷದಲ್ಲಿ ತೊಳೆದರೆ ಏನೂ ಆಗುವುದಿಲ್ಲ, ಒಣಗಲು ಬಿಡಬಾರದು ಅಷ್ಟೇ. ನಾನು ನೆರಳಲ್ಲಿ, ಕೈಯಿಟ್ಟರೆ ತಣ್ಣಗಿರುವ ಚಕ್ರಕ್ಕೆ, ಗ್ಲೌಸ್ ಹಾಕಿಕೊಂಡು, ಒಂದೊಂದನ್ನೇ ಮುಗಿಸುತ್ತೇನೆ. ಸ್ಪ್ರೇ ಮಾಡುವುದು ಬ್ರಷ್ಷಿಗೆ, ಚಕ್ರದ ಕಡ್ಡಿಗಳ ಸಂದಿನಿಂದ ಕ್ಯಾಲಿಪರ್ ಕಡೆಗಲ್ಲ. ತೊಳೆಯುವಾಗ ಮಾತ್ರ ಸಂದಿನೊಳಗೂ ಧಾರಾಳವಾಗಿ ನೀರು.

ಆ ನೀರೇ ನನಗೆ ತೊಡಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಹೇಳಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೈಪ್ ಹಾಕಲು ಬಿಡುವುದಿಲ್ಲ. ಆರ್‌ಓ ಫಿಲ್ಟರ್ ಹೊರಬಿಡುವ ನೀರು ಹಿಡಿದಿಟ್ಟು ಎರಡು ಬಕೆಟ್ ಒಯ್ಯುತ್ತೇನೆ. ಅಷ್ಟರಲ್ಲಿ ಶಾಂಪೂ ತೊಳೆದು ಹೋಗುತ್ತದೆ, ರಿಮೂವರ್ ಹೋಗುವುದಿಲ್ಲ. ಹಾಗಾಗಿ ಅದಕ್ಕೆ ವಾಷಿಂಗ್ ಸೆಂಟರ್‌ಗೆ ಹೋಗಬೇಕು. ದಿನಾ ಕಾರು ಓಡಿಸುವವರಿಗೆ, ಮನೆ ಮುಂದೆ ಬೋರ್ ನೀರು ಇರುವವರಿಗೆ ರಿಮೂವರ್ ಚೆನ್ನಾಗಿಯೇ ಹೊಂದುತ್ತದೆ. ನನ್ನ ಕಾರು ವಾರದಲ್ಲಿ ಐದು ದಿನ ಸುಮ್ನೆ ನಿಂತಿರುತ್ತದೆ.

ಶಾಂಪೂವಿಗೆ ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಉಜ್ಜಿದರೆ ಪುಡಿ ಕಚ್ಚಿಕೊಳ್ಳುವಷ್ಟು ಕೂರುವುದೇ ಇಲ್ಲ. ಆರ್‌ಓ ಹೊರಬಿಟ್ಟ ನೀರಿನಲ್ಲಿ ಉಪ್ಪು ಜಾಸ್ತಿ ಇರುವುದರಿಂದ ಕೊನೆಗೆ ಬಟ್ಟೆಯಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ಚುಕ್ಕೆ ಉಳಿಯುತ್ತದೆ.

ಬ್ರೇಕ್ ಕ್ಲೀನರ್ ಸ್ಪ್ರೇಯನ್ನು ಇದೇ ಕೆಲಸಕ್ಕೆ ಕೊಳ್ಳುವವರನ್ನೂ ನೋಡಿದ್ದೇನೆ. ಅದು ಡಿಸ್ಕ್ ಮೇಲಿನ ಎಣ್ಣೆ, ಗ್ರೀಸ್ ತೆಗೆಯಲು ಇರುವುದು. ಚಕ್ರದ ಬಣ್ಣಕ್ಕೆ ಬೀಳಬಾರದು. ಟೈರ್ ಪಾಲಿಶ್ ಇದರ ಉಲ್ಟಾ, ಅದರ ಒಂದು ಹನಿಯೂ ಡಿಸ್ಕ್‌ಗೆ ತಾಗಬಾರದು, ಬ್ರೇಕ್ ಹಿಡಿಯುವುದಿಲ್ಲ. ಬಟ್ಟೆಗೆ ಹಾಕಿಕೊಂಡು ಟೈರಿಗೆ ಒರೆಸಿ.

ಯಾವುದರಲ್ಲಿ ತೊಳೆದರೂ ಈಗ ನಾನು ತೊಳೆದ ತಕ್ಷಣ ಕಾರು ನಿಲ್ಲಿಸುವುದಿಲ್ಲ. ಬಡಾವಣೆಯ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಸುತ್ತುತ್ತೇನೆ. ಮೊದಲ ಒಂದೆರಡು ಸಲ ಬ್ರೇಕ್ ಮೆತ್ತಗೆ ಹಿಡಿಯುತ್ತದೆ, ಹಾಗಾಗಿ ನಿಧಾನವಾಗಿಯೇ ಹೋಗುತ್ತೇನೆ. ಹಗುರವಾಗಿ ಒತ್ತಿ ಒತ್ತಿ ಡಿಸ್ಕ್, ಡ್ರಮ್ ಎರಡನ್ನೂ ಒಣಗಿಸಿ, ಮನೆಗೆ ಬಂದು ಮೊದಲ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ. ಆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ.