ಇಎಕ್ಸ್‌ಟಿ4 ಜೊತೆ ಏಳು ವರ್ಷ: ನಂಬಿಕಸ್ಥ, ಆದರೆ ಶಟ್‌ಡೌನ್ ಮುಗಿಯಲು ಬಿಡಿ

ಏಳು ವರ್ಷದಿಂದ ನನ್ನ ಕಂಪ್ಯೂಟರ್‌ನಲ್ಲೂ ಬ್ಯಾಕಪ್ ಹಾರ್ಡ್‌ಡಿಸ್ಕ್‌ನಲ್ಲೂ ಇರುವುದು ಲಿನಕ್ಸ್‌ನ ಇಎಕ್ಸ್‌ಟಿ4 (ext4) ಫೈಲ್‌ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. ಕರೆಂಟ್ ಹೋಗಿ ಯಂತ್ರ ಪಟ್ಟನೆ ಆರಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಪ್ರತಿ ಸಲವೂ ಜರ್ನಲ್ (ತನ್ನ ಬದಲಾವಣೆಗಳನ್ನು ಮೊದಲು ಬರೆದಿಟ್ಟುಕೊಳ್ಳುವ ದಾಖಲೆ) ಓದಿಕೊಂಡು ಕೆಲವೇ ಸೆಕೆಂಡಲ್ಲಿ ಎದ್ದು ನಿಂತಿದೆ.

ನಾನು ಕಳೆದುಕೊಂಡಿದ್ದು ಒಂದೇ ಸಲ. ಅದು ನನ್ನ ಅವಸರದಿಂದ. ಸಂಜೆ ಹೊಸ ಫೈಲ್‌ನಲ್ಲಿ ಟಿಪ್ಪಣಿ ಬರೆದು ಸೇವ್ ಮಾಡಿ ಕೂಡಲೇ ಶಟ್‌ಡೌನ್ ಕೊಟ್ಟೆ. ಕಪ್ಪು ಪರದೆ ಮೇಲೆ ಯಾವುದೋ ಸರ್ವಿಸ್ ನಿಲ್ಲಲಿ ಎಂದು ಕಾಯುತ್ತಿರುವ ಸಾಲು, ಪಕ್ಕದಲ್ಲಿ ಒಂದೂವರೆ ನಿಮಿಷದ ಎಣಿಕೆ. ಹತ್ತು ಸೆಕೆಂಡೂ ಕಾಯದೆ ಪವರ್ ಬಟನ್ ಒತ್ತಿ ಹಿಡಿದೆ. ಮರುದಿನ ಫೈಲ್‌ನ ಹೆಸರಿತ್ತು, ಗಾತ್ರ 0 ಬೈಟ್. ಎರಡು ಗಂಟೆ ಬರೆದಿದ್ದು ಹೋಯಿತು.

ಆಮೇಲೆ ಕೂತು ಓದಿದಾಗ ಕಾರಣ ಗೊತ್ತಾಯಿತು. ಸೇವ್ ಮಾಡಿದ ಡೇಟಾ ಮೊದಲು ರ್‍ಯಾಮ್‌ನಲ್ಲಿ ಕೂರುತ್ತದೆ. ಇಎಕ್ಸ್‌ಟಿ4 ತನ್ನ ಜರ್ನಲ್ಅನ್ನು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಇಳಿಸುತ್ತದೆ. ಆದರೆ ಫೈಲ್ ಒಳಗಿನ ಡೇಟಾಗೆ ಜಾಗ ಕೊಡುವುದನ್ನೇ ಮುಂದೂಡುತ್ತದೆ, ಅದು 30 ಸೆಕೆಂಡ್ ಆಚೀಚೆ ರ್‍ಯಾಮ್‌ನಲ್ಲೇ ಉಳಿಯಬಹುದು. ಹೆಸರು ಡಿಸ್ಕ್ ಸೇರಿತ್ತು, ಬರಹ ಸೇರಿರಲಿಲ್ಲ. ನಾನು ಬಳಸುತ್ತಿದ್ದ ಪುಟ್ಟ ಎಡಿಟರ್ ಎಫ್‌ಸಿಂಕ್ (ಈ ಫೈಲ್ ಈಗಲೇ ಡಿಸ್ಕ್‌ಗೆ ಬರೆ ಎನ್ನುವ ಆದೇಶ) ಕರೆಯುತ್ತಿರಲಿಲ್ಲ. ಕರೆದಿದ್ದರೆ ಆಗಲೇ ಬರೆಸಿಬಿಡುತ್ತಿತ್ತು. ಉಳಿದಿದ್ದನ್ನೆಲ್ಲ ಬರೆದು, ಡಿಸ್ಕ್ ಅನ್‌ಮೌಂಟ್ ಮಾಡುವುದು (ವ್ಯವಸ್ಥೆಯಿಂದ ಬಿಡಿಸುವುದು) ಶಟ್‌ಡೌನ್‌ನ ಕೊನೇ ಹಂತ. ನಾನು ಕತ್ತರಿಸಿದ್ದು ಅದನ್ನೇ.

ಜರ್ನಲ್ ಕಾಪಾಡುವುದು ಫೈಲ್‌ಸಿಸ್ಟಮ್‌ನ ಚೌಕಟ್ಟನ್ನು, ನಿಮ್ಮ ಕೊನೇ ನಿಮಿಷದ ಕೆಲಸವನ್ನಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಬ್ಯಾಕಪ್ ಡಿಸ್ಕ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. 4 ಜಿಬಿ ವೀಡಿಯೋ ಕಾಪಿ ಮಾಡಿದರೆ ಕಾಪಿ ಎಷ್ಟಾಯಿತೆಂದು ತೋರಿಸುವ ಪಟ್ಟಿ ಬೇಗ ತುಂಬಿಬಿಡುತ್ತದೆ, ಡಿಸ್ಕ್‌ನ ದೀಪ ಮಾತ್ರ ಮಿಣುಕುತ್ತಲೇ ಇರುತ್ತದೆ. ಟರ್ಮಿನಲ್‌ನಲ್ಲಿ ಮೆಮ್‌ಇನ್ಫೋ (/proc/meminfo) ಫೈಲ್ ತೆರೆದು 'ಡರ್ಟಿ' ಸಾಲು ನೋಡಿ, ಇನ್ನೂ ಬರೆಯದ ಡೇಟಾ ಎಷ್ಟಿದೆ ಅಂತ ಅಲ್ಲೇ ಇರುತ್ತದೆ. ಉಳಿದಿದ್ದನ್ನೆಲ್ಲ ಈಗಲೇ ಬರೆಸುವ 'ಸಿಂಕ್' ಆದೇಶ ಕೊಟ್ಟಾಗ ಆ ಅಂಕಿ ಇಳಿಯುತ್ತಾ ಬರುವುದನ್ನು ನೋಡಿದ ಮೇಲೆ ನಾನು ಒಂದು ಸಲವೂ ಕೇಬಲ್ ಸುಮ್ನೆ ಎಳೆದಿಲ್ಲ.

ಡಿಸ್ಕ್‌ನೊಳಗೂ ಪುಟ್ಟ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಇದೆ, ಅಲ್ವಾ? ಡಿಸ್ಕ್‌ನ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್‌ನಿಂದ ಒಂದು ವಾರ ಅದನ್ನು ಆಫ್ ಮಾಡಿ ನೋಡಿದೆ. ಸಣ್ಣ ಫೈಲ್‌ಗಳ ಕೆಲಸ ತುಂಬಾ ನಿಧಾನ ಆಯಿತು, ಮತ್ತೆ ಆನ್ ಮಾಡಿದೆ. ಬ್ಯಾರಿಯರ್ ಎಂಬ ಫೈಲ್‌ಸಿಸ್ಟಮ್ ಆಯ್ಕೆ ಆನ್ ಇದ್ದರೆ ಜರ್ನಲ್ ಬರೆಯುವ ಹೊತ್ತಿಗೆ ಇಎಕ್ಸ್‌ಟಿ4 ತಾನೇ ಆ ಕ್ಯಾಶ್ ಖಾಲಿ ಮಾಡಿಸುತ್ತದೆ. ವೇಗದ ಆಸೆಗೆ ಬ್ಯಾರಿಯರ್ ಮಾತ್ರ ಆಫ್ ಮಾಡಬೇಡಿ.

ಒಂದು ಕೊರತೆ ಇದೆ. ಫೈಲ್ ಒಳಗಿನ ಡೇಟಾಗೆ ಇದು ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡಲು ಬಳಸುವ ಸಂಖ್ಯೆ) ಇಡುವುದಿಲ್ಲ. ಫೋಟೋಗಳ ಚೆಕ್‌ಸಮ್ ಪಟ್ಟಿಯನ್ನು ನಾನೇ ಬೇರೆ ಮಾಡಿಟ್ಟು, ಆರು ತಿಂಗಳಿಗೊಮ್ಮೆ ತಾಳೆ ನೋಡುತ್ತೇನೆ. ಈವರೆಗೆ ಒಂದೂ ತಪ್ಪಿಲ್ಲ.