ನಾಲ್ಕು ವರ್ಷ, 11,400 ಕಿಲೋಮೀಟರು: ಕೆರೆ ಏರಿ, ನಾಲೆ ದಾರಿ, ಹಳೇ ಗುಡಿಗಳಿಗೆ ನನ್ನ ಹೈಬ್ರಿಡ್ ಸೈಕಲ್ಲು

ಪಾಂಡವಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈ ಸೈಕಲ್ಲನ್ನು 2021ರ ಆಗಸ್ಟ್‌ನಲ್ಲಿ ಮೈಸೂರಿನ ಅಂಗಡಿಯೊಂದರಿಂದ ಹದಿನೇಳೂವರೆ ಸಾವಿರ ಕೊಟ್ಟು ತಂದೆ. ಉಕ್ಕಿನ ಫ್ರೇಮು, 700ಸಿ ಚಕ್ರ, ಮುಂದೆ ಮೂರು ಹಿಂದೆ ಏಳು ಗೇರು, ವಿ-ಬ್ರೇಕು. ನಡುವಿನ ಬಾರು ತಗ್ಗಿರುವ ಲೇಡೀಸ್ ಮಾದರಿ. ತೂಕ ಹದಿನಾರು ಕಿಲೋ. ಹ್ಯಾಂಡಲ್ ಮೇಲಿನ ಮೀಟರು ಇವತ್ತಿಗೆ 11,400 ಕಿ.ಮೀ. ತೋರಿಸುತ್ತಿದೆ. ಅದರಲ್ಲಿ ಸ್ಕೂಲಿಗೆ ಹೋಗಿಬಂದದ್ದು ಕಾಲು ಭಾಗವೂ ಇಲ್ಲ. ಉಳಿದದ್ದೆಲ್ಲ ಭಾನುವಾರಗಳಲ್ಲಿ, ದಸರಾ ರಜೆ, ಬೇಸಿಗೆ ರಜೆಗಳಲ್ಲಿ ಕೆರೆ, ನಾಲೆ, ಹಳೇ ಗುಡಿ ಹುಡುಕಿಕೊಂಡು ಹೋದದ್ದು.

ಕೊಳ್ಳುವ ಮುಂಚೆ ನಾನೂ ಹತ್ತಾರು ವಿಮರ್ಶೆ ಓದಿದ್ದೆ. ಎಲ್ಲದರಲ್ಲೂ ತೂಕ ಎಷ್ಟು, ಗೇರು ಎಷ್ಟು, ಎಷ್ಟು ಜೋರಾಗಿ ಓಡುತ್ತದೆ ಎಂಬ ಮಾತೇ. ನಿಲ್ಲಿಸಿದಾಗ ಹೇಗೆ ನಿಲ್ಲುತ್ತದೆ ಎಂದು ಒಬ್ಬರೂ ಬರೆದಿರಲಿಲ್ಲ. ನಮ್ಮ ಸೀಮೆಯಲ್ಲಿ ಸೈಕಲ್ ತಿರುಗಾಟವೆಂದರೆ ನಿಂತು ನಿಂತು ಹೊರಡುವುದು. ಒಂದು ತೂಬು ಕಂಡರೆ ಇಳಿಯಬೇಕು, ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೆ ಇಳಿಯಬೇಕು, ಆಲೆಮನೆಯ ಹೊಗೆ ಕಂಡರೆ ಇಳಿಯಲೇಬೇಕು. ಒಂದು ಬೆಳಿಗ್ಗೆಗೆ ಮೂವತ್ತು ಸಲ ಇಳಿದು ಹತ್ತಿದ ದಿನಗಳಿವೆ. ಚೂಡಿದಾರ ಹಾಕಿಕೊಂಡು ಅಷ್ಟು ಸಲ ಎತ್ತರದ ಬಾರಿನ ಮೇಲೆ ಕಾಲು ಎತ್ತಿ ಹಾಕುವುದು ಆಗದ ಮಾತು. ಅಂಗಡಿಯವರು ಬಾರು ಇರುವುದೇ ಗಟ್ಟಿ ಎಂದು ಎಷ್ಟು ಹೇಳಿದರೂ ತಗ್ಗಿನ ಬಾರಿನದ್ದನ್ನೇ ತೆಗೆದುಕೊಂಡದ್ದು ನಾನು ಮಾಡಿದ ಒಳ್ಳೆಯ ಕೆಲಸ. ಫ್ರೇಮು ಇಲ್ಲಿಯವರೆಗೆ ಎಲ್ಲೂ ಬಿರುಕು ಬಿಟ್ಟಿಲ್ಲ.

ಆದರೆ ಅದರ ಜೊತೆ ಬಂದ ಸ್ಟ್ಯಾಂಡು ಪ್ರಯೋಜನಕ್ಕೆ ಬರಲಿಲ್ಲ. ಮೊದಲನೇ ವಾರವೇ ತೊಣ್ಣೂರು ಕೆರೆಗೆ ಹೋಗಿದ್ದೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆ ಅದು. ರಾಮಾನುಜಾಚಾರ್ಯರು ತಿರುಮಲಸಾಗರ ಎಂದು ಕರೆದರೆಂದೂ, ಆಮೇಲೆ ಬಂದ ನಾಸಿರ್ ಜಂಗ್ ನೀರಿನ ತಿಳಿ ನೋಡಿ ಮೋತಿ ತಲಾಬ್ ಎಂದನೆಂದೂ ಹೇಳುತ್ತಾರೆ. ಮಳೆ ನಿಂತ ಮೇಲಿನ ಬೆಳಿಗ್ಗೆ ಹೋದರೆ ಮುತ್ತಿನ ಹೆಸರು ಯಾಕೆ ಬಂತೆಂದು ಯಾರೂ ಹೇಳಿಕೊಡಬೇಕಿಲ್ಲ. ನಾನು ಸೈಕಲ್ ನಿಲ್ಲಿಸಿ ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆ ಅಷ್ಟೆ, ಸೈಡ್ ಸ್ಟ್ಯಾಂಡಿನ ಚೂಪು ಕಾಲು ಒದ್ದೆ ಮಣ್ಣಿಗೆ ಇಳಿದು ಹೊಸ ಸೈಕಲ್ಲು ಕಲ್ಲಿನ ಮೇಲೆ ಬಿತ್ತು. ಬ್ರೇಕ್ ಲಿವರು ಬಗ್ಗಿತು. ಹಸು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು ಎತ್ತಲು ಕೈ ಕೊಟ್ಟು, "ಯಾವೂರವ್ವ? ಒಬ್ಳೇ ಬಂದಿದ್ದೀಯಾ?" ಎಂದರು. ಮರುದಿನವೇ ಎರಡು ಕಾಲಿನ ಡಬಲ್ ಸ್ಟ್ಯಾಂಡು ಹಾಕಿಸಿದೆ. ಹಾಲಿನ ಕ್ಯಾನ್ ಹೊರುವ ಹಳೇ ಸೈಕಲ್ಲುಗಳಿಗೆಲ್ಲ ಎರಡು ಕಾಲಿನ ಸ್ಟ್ಯಾಂಡು ಯಾಕಿರುತ್ತದೆ ಎಂಬುದು ಅವತ್ತು ಅರ್ಥವಾಯಿತು. ಮುನ್ನೂರೈವತ್ತು ರೂಪಾಯಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ನೆಮ್ಮದಿ ಕೊಟ್ಟ ಇನ್ನೊಂದು ಸಾಮಾನು ಈ ಸೈಕಲ್ಲಿನಲ್ಲಿ ಇಲ್ಲ.

ಟೈರಿನ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಕಂಪನಿ ಕೊಟ್ಟದ್ದು 32 ಮಿ.ಮೀ. ಅಗಲದ್ದು. ಡಾಂಬರು ರಸ್ತೆಯಲ್ಲಿ ತಕರಾರಿಲ್ಲ. ಏರಿಯ ಮೇಲಿನ ಜಲ್ಲಿಗೆ ಬಂದರೆ ಮೊಣಕೈ ನೋಯುವಷ್ಟು ಕುಲುಕಾಟ, ಗದ್ದೆ ಬಯಲಿನ ಗಾಡಿ ಜಾಡಿನಲ್ಲಿ ಜಾರಾಟ. ಇದಕ್ಕಿಂತ ಹೆಚ್ಚು ಕಾಡಿದ್ದು ಜಾಲಿ ಮುಳ್ಳು. ಏರಿಯ ಇಳಿಜಾರಿನಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಸವರಿ ದಾರಿಯಲ್ಲೇ ಬಿಟ್ಟಿರುತ್ತಾರೆ. ಮೊದಲ ವರ್ಷ ಹದಿನಾರು ಪಂಚರ್ ಆದವು, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಎರಡನೇ ವರ್ಷ ಮನಸ್ಸು ಗಟ್ಟಿಮಾಡಿ ಶ್ವಾಲ್ಬೆ ಮ್ಯಾರಥಾನ್ 700x40 ಹಾಕಿಸಿದೆ. ಜೋಡಿಗೆ ಏಳು ಸಾವಿರದ ಹತ್ತಿರ ಆಯಿತು, ಮನೆಯಲ್ಲಿ ಸೈಕಲ್ಲಿನ ಅರ್ಧ ರೇಟು ಎಂದು ಬೈಸಿಕೊಂಡೆ. ಮೇಲ್ಮೈ ಅಡಿಯಲ್ಲಿ 3 ಮಿ.ಮೀ. ದಪ್ಪದ ಮೆತ್ತನೆ ರಬ್ಬರಿನ ಪದರ ಇದೆ. ಮುಳ್ಳು ಚುಚ್ಚಿದರೂ ಟ್ಯೂಬಿನವರೆಗೆ ಹೋಗುವುದಿಲ್ಲ. ಆಮೇಲಿನ ಮೂರು ವರ್ಷಕ್ಕೆ ಒಟ್ಟು ಐದೇ ಪಂಚರ್. ಗಾಳಿಯನ್ನೂ 75 ಪಿಎಸ್‌ಐಯಿಂದ 48ಕ್ಕೆ ಇಳಿಸಿದ್ದೇನೆ. ಓಟ ಚೂರು ನಿಧಾನವಾಯಿತು, ಕೈ ನೋವು ಪೂರ್ತಿ ಹೋಯಿತು.

ಟ್ಯೂಬಿನ ವಾಲ್ವ್ ಯಾವುದು ಎಂಬುದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ. ನನ್ನದು ಬೈಕು, ಕಾರುಗಳಿಗೆ ಇರುವಂಥದ್ದೇ. ಆದ್ದರಿಂದ ಯಾವ ಪಂಚರ್ ಅಂಗಡಿಯ ಕಂಪ್ರೆಸರ್‌ನಿಂದ ಬೇಕಾದರೂ ಗಾಳಿ ತುಂಬಿಸಬಹುದು, ಆದರೆ ಪಕ್ಕದಲ್ಲೇ ನಿಂತು ಸಾಕು ಎನ್ನಬೇಕು, ಎರಡು ಸೆಕೆಂಡ್ ಜಾಸ್ತಿಯಾದರೆ ಟ್ಯೂಬು ಒಡೆಯುತ್ತದೆ. ಒಮ್ಮೆ ಚಿನಕುರಳಿಯಲ್ಲಿ ಟ್ಯೂಬೇ ಸೀಳಿತ್ತು, ಬದಲಿ ಟ್ಯೂಬು ಮನೆಯಲ್ಲಿ ಮರೆತಿದ್ದೆ. ಅಂಗಡಿಯವರು ಚಕ್ರ ತಿರುಗಿಸಿ ನೋಡಿ, "ಮೇಡಮ್ಮೋರೆ, ಈ ಸೈಜು ನಮ್ತಾವ ಸಿಕ್ಕಲ್ಲ. ಇಪ್ಪತ್ತೆಂಟರದ್ದು ಹಾಕ್ಲಾ?" ಎಂದರು. ಹಳೇ ಕರಿ ಸೈಕಲ್ಲಿನ 28 ಇಂಚಿನ ಟೈರು ನಮ್ಮ 700ಸಿ ರಿಮ್ಮಿಗೆ ಕೂರುವುದಿಲ್ಲ, ಟೈರು ಕೂರುವ ಕಡೆ ರಿಮ್ಮಿನ ಅಡ್ಡಳತೆ ಅದರದ್ದು 635, ನಮ್ಮದು 622 ಮಿ.ಮೀ. ಆದರೆ ಟ್ಯೂಬು ಹಿಗ್ಗುವ ವಸ್ತು, ಹೊಂದಿಕೊಳ್ಳುತ್ತದೆ. ರಿಮ್ಮಿನಲ್ಲಿ ವಾಲ್ವ್ ತೂರಿಸುವ ತೂತೂ ದೊಡ್ಡದಿದ್ದದ್ದರಿಂದ ಸರಿಯಾಗಿ ಕೂತಿತು. ಆ ಟ್ಯೂಬಿನಲ್ಲೇ ಎರಡು ತಿಂಗಳು ಓಡಿಸಿದೆ.

ಗೇರಿನ ಪರೀಕ್ಷೆ ಮೇಲುಕೋಟೆಯದ್ದು. ಜಕ್ಕನಹಳ್ಳಿ ದಾಟಿದ ಮೇಲೆ ರಸ್ತೆ ಏರುತ್ತದೆ. ಕಂಪನಿ ಕೊಟ್ಟ ಗೇರಿನಲ್ಲಿ ಮುಂದಿನ ಸಣ್ಣ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೂ 28. ಪೆಡಲ್ ಒಂದು ಸುತ್ತಿಗೆ ಸೈಕಲ್ಲು ಎರಡು ಮೀಟರಿಗೂ ಹೆಚ್ಚು ಹೋಗಲೇಬೇಕು. ಬೆನ್ನಿಗೆ ಊಟ, ನೀರು, ಕ್ಯಾಮೆರಾ ಇದ್ದಾಗ ಅಷ್ಟು ಶಕ್ತಿ ನನ್ನ ಕಾಲಿಗಿಲ್ಲ, ಮೊದಲ ಎರಡು ಸಲ ತಳ್ಳಿಕೊಂಡೇ ಹತ್ತಿದೆ. ಆಮೇಲೆ ಹಿಂದಿನ ಗೇರು ಚಕ್ರಗಳ ಗೊಂಚಲಾದ ಫ್ರೀವೀಲನ್ನು, ದೊಡ್ಡ ಚಕ್ರಕ್ಕೆ 34 ಹಲ್ಲಿರುವುದಕ್ಕೆ ಬದಲಾಯಿಸಿ, ಚೈನಿಗೆ ಎರಡು ಕೊಂಡಿ ಸೇರಿಸಿಕೊಂಡೆ. ಈಗ ಅದೇ ಒಂದು ಸುತ್ತಿಗೆ 1.8 ಮೀಟರು. ನಡಿಗೆಗಿಂತ ಚೂರು ಬೇಗ, ಆದರೆ ಇಳಿಯದೆ ಕಲ್ಯಾಣಿಯ ಮೆಟ್ಟಿಲವರೆಗೆ ಹೋಗುತ್ತೇನೆ. ಬೆಟ್ಟದ ಯೋಗಾನರಸಿಂಹನಿಗೆ ಕೆಳಗಿನಿಂದಲೇ ಕೈಮುಗಿದು, ಅಕ್ಕ-ತಂಗಿ ಕೊಳದ ಹತ್ತಿರ ಕೂತು ಪುಳಿಯೋಗರೆ ತಿನ್ನುವಾಗ ಬರುವ ಹಸಿವು ಬಸ್ಸಿನಲ್ಲಿ ಬಂದವರಿಗೆ ಬರುವಂಥದ್ದಲ್ಲ. 48 ಹಲ್ಲಿನ ದೊಡ್ಡ ಚಕ್ರವನ್ನು ನಾನು ಉಪಯೋಗಿಸಿದ್ದು ಮೇಲುಕೋಟೆ ಇಳಿಯುವಾಗ ಮಾತ್ರ, ಅಲ್ಲೂ ಬ್ರೇಕಿನ ಮೇಲೆ ಕೈ ಇಟ್ಟುಕೊಂಡು.

ಡಿಸೆಂಬರ್, ಜನವರಿಯಲ್ಲಿ ಬರುವವರಿಗೆ ಒಂದು ಮಾತು. ನಮ್ಮ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಹರಡಿದ ಹುಲ್ಲಿನ ಮೇಲೆ ಬಸ್ಸು ಹೋದರೆ ಕಾಳು ಉದುರುತ್ತದೆ, ಸೈಕಲ್ಲು ಹೋದರೆ ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಹುರುಳಿ ಬಳ್ಳಿ ಇನ್ನೂ ಕೆಟ್ಟದ್ದು: ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರಿನ ಸಣ್ಣ ಗಾಲಿಗಳೊಳಗೆ ಹೊಕ್ಕು ಹಗ್ಗದಂತೆ ಬಿಗಿಯುತ್ತದೆ. ಬಲವಂತವಾಗಿ ಪೆಡಲ್ ತುಳಿದು ಒಂದು ಸಲ ಡಿರೇಲರ್ ನೇತುಹಾಕುವ ತಗಡನ್ನೇ ಬಗ್ಗಿಸಿಕೊಂಡೆ. ಈಗ ಇಳಿದು ಸೈಕಲ್ಲನ್ನು ಬದಿಗೆ ಎತ್ತಿಕೊಂಡು ದಾಟುತ್ತೇನೆ. ಅವರು ವರ್ಷವಿಡೀ ಬೆಳೆದ ಕಾಳಿನ ಮೇಲೆ ನನ್ನ ಚಕ್ರ ಹಾಯಿಸುವುದಕ್ಕೆ ಮನಸ್ಸೂ ಒಪ್ಪುವುದಿಲ್ಲ.

ಬೇಸರದ ಸಂಗತಿ ಕ್ಯಾರಿಯರಿನದ್ದು. 2023ರಲ್ಲಿ ಎರಡು ದಿನದ ತಿರುಗಾಟಕ್ಕೆ ಚೀಲ ಕಟ್ಟಿಕೊಂಡು ಕೆ.ಆರ್. ಪೇಟೆ ಕಡೆ ಹೊರಟಿದ್ದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ನೋಡಿಯಾಯಿತು. ಆ ಗುಡಿಯ ಪಟ್ಟಿಕೆಗಳನ್ನು ಬಗ್ಗಿಕೊಂಡು ಒಂದು ಸುತ್ತು ಬರುವುದಕ್ಕೇ ನನಗೆ ಎರಡು ಗಂಟೆ ಬೇಕು: ಕೆಳಗೆ ಆನೆ ಸಾಲು, ಮೇಲೆ ಕುದುರೆ, ಬಳ್ಳಿ, ಅದರ ಮೇಲೆ ಪುರಾಣ ಕಥೆಗಳು, ಮಕರ, ಹಂಸ. ಅಲ್ಲಿಂದ ಕಿಕ್ಕೇರಿಗೆ ಹೋಗುವಾಗ ಹಿಂದೆ ಟಣ್ಣೆಂದಿತು. ಕ್ಯಾರಿಯರನ್ನು ಫ್ರೇಮಿಗೆ ಹಿಡಿದಿದ್ದ ಬೋಲ್ಟು ಮುರಿದು ಅರ್ಧ ಒಳಗೇ ಉಳಿದಿತ್ತು, ಚೀಲ ಚಕ್ರಕ್ಕೆ ಉಜ್ಜುತ್ತಿತ್ತು. ಕೊಂಡ ಅಂಗಡಿಗೆ ಫೋನ್ ಮಾಡಿದರೆ ಅದು ವಾರಂಟಿಯಲ್ಲಿ ಬರುವುದಿಲ್ಲ ಎಂದು ಇಟ್ಟುಬಿಟ್ಟರು. ಕಿಕ್ಕೇರಿಯ ಬೈಕ್ ಮೆಕ್ಯಾನಿಕ್ ಒಬ್ಬರು ಮುರಿದ ತುಂಡನ್ನು ಕೊರೆದು ತೆಗೆದು, ಹೊಸದಾಗಿ ಮರೆ (ಥ್ರೆಡ್) ಹಾಕಿ, ಬಿಚ್ಚಿಕೊಳ್ಳದಂಥ ನಟ್ಟು ಕೂಡಿಸಿ ಕೊಟ್ಟರು. ಅಷ್ಟು ಕೆಲಸಕ್ಕೆ ತೆಗೆದುಕೊಂಡದ್ದು ಎಂಬತ್ತು ರೂಪಾಯಿ. ಅದು ಇವತ್ತಿಗೂ ಅಲುಗಿಲ್ಲ. ಅಲ್ಯೂಮಿನಿಯಂ ಫ್ರೇಮಾಗಿದ್ದರೆ ಅಷ್ಟು ಸುಲಭಕ್ಕೆ ಆಗುತ್ತಿರಲಿಲ್ಲ ಎಂದು ಅವರೇ ಹೇಳಿದರು.

ಆ ಕೆಲಸ ನಡೆಯುವಷ್ಟು ಹೊತ್ತು ಬ್ರಹ್ಮೇಶ್ವರ ಗುಡಿಯಲ್ಲಿದ್ದೆ. 1171ರಲ್ಲಿ ಅದನ್ನು ಕಟ್ಟಿಸಿದ್ದು ಬಮ್ಮವೆ ನಾಯಕಿತಿ ಎಂಬ ಹೆಂಗಸು. ರಾಜರ, ದಂಡನಾಯಕರ ಹೆಸರುಗಳನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದವಳಿಗೆ ಆ ಹೆಸರು ಮನಸ್ಸಿಗೆ ನಾಟಿತು. ಮಾರನೇ ಸೋಮವಾರ ಕ್ಲಾಸಿನಲ್ಲಿ ಹೊಯ್ಸಳರ ಪಾಠವನ್ನು ಅವಳಿಂದಲೇ ಶುರು ಮಾಡಿದೆ. ಸಂಜೆಯ ಬಿಸಿಲಿನಲ್ಲಿ ಗೋವಿಂದನಹಳ್ಳಿಗೂ ಹೋದೆ. ಸಾಲಾಗಿ ನಿಂತ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ, ದ್ವಾರಪಾಲಕರ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು. ಇಂಥ ಊರುಗಳಿಗೆ ಸೈಕಲ್ಲಿನಲ್ಲಿ ಹೋದರೆ ಬೀಗದ ಕೈ ತರುವವರು ಬರುವವರೆಗೆ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡುತ್ತಾರೆ. ಕಾರಿನಲ್ಲಿ ಹೋದಾಗ ನನಗೆ ಹಾಗಾಗಿಲ್ಲ.

ಹಿಂದಿನ ಚಕ್ರದ ಕಡ್ಡಿಗಳು ಮೂರು ಸಲ ಮುರಿದಿವೆ, ಮೂರೂ ಸಲ ಚೈನಿನ ಬದಿಯವೇ. ಗೇರುಗಳಿಗೆ ಜಾಗ ಬಿಡಲು ಆ ಬದಿಯ ಕಡ್ಡಿಗಳನ್ನು ನೆಟ್ಟಗೆ, ಹೆಚ್ಚು ಬಿಗಿಯಾಗಿ ಹಾಕಿರುತ್ತಾರೆ. ಚೀಲದ ಭಾರವೂ ಅಲ್ಲೇ ಬೀಳುತ್ತದೆ. ಬದಲಾಯಿಸಬೇಕೆಂದರೆ ಫ್ರೀವೀಲ್ ಬಿಚ್ಚಬೇಕು, ಅದರ ಟೂಲು ಹಳ್ಳಿ ಅಂಗಡಿಗಳಲ್ಲಿ ಇರುವುದಿಲ್ಲ. ಅಂಗೈಯಲ್ಲಿ ಹಿಡಿಯುವ ಆ ಟೂಲನ್ನೂ ನಾಲ್ಕು ಕಡ್ಡಿಗಳನ್ನೂ ಯಾವಾಗಲೂ ಜೊತೆಗೇ ಇಟ್ಟಿರುತ್ತೇನೆ. ತಿರುಗಿಸುವ ದೊಡ್ಡ ಸ್ಪ್ಯಾನರ್ ಎಲ್ಲ ಟ್ರ್ಯಾಕ್ಟರ್ ರಿಪೇರಿಯವರ ಹತ್ತಿರವೂ ಇರುತ್ತದೆ.

ಹ್ಯಾಂಡಲ್ ನಮ್ಮನ್ನು ನೆಟ್ಟಗೆ ಕೂರಿಸುವಂಥದ್ದು. ಊರು, ಗದ್ದೆ ನೋಡಿಕೊಂಡು ಹೋಗಲು ಹಿತ. ಗಾಳಿಗೆ ಮಾತ್ರ ಕಷ್ಟ. ಜೂನ್, ಜುಲೈನಲ್ಲಿ ಕನ್ನಂಬಾಡಿ ಹಿನ್ನೀರಿನ ಕಡೆ, ಮುಳುಗಡೆಯಿಂದ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ ವೇಣುಗೋಪಾಲಸ್ವಾಮಿ ಗುಡಿಗೆ ಹೋಗುವಾಗ ಗಾಳಿ ಎದೆಗೇ ಹೊಡೆಯುತ್ತದೆ. ಪುಣ್ಯಕ್ಕೆ ಮನೆಗೆ ಬರುವಾಗ ಅದೇ ಗಾಳಿ ಬೆನ್ನಿಗೆ.

ಕನ್ನಡಿ ಹಾಕಿಸಿಕೊಂಡದ್ದಕ್ಕೆ ಕಾರಣ ಬೇರೆ. 2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ನಾಲೆ ಪಕ್ಕದ ರಸ್ತೆಯಲ್ಲಿ ಹೋಗುವಾಗಲೆಲ್ಲ ಅದು ನೆನಪಾಗುತ್ತದೆ. ತಡೆಗೋಡೆ ಇಲ್ಲದ ಕಡೆ ಹಿಂದೆ ದೊಡ್ಡ ಗಾಡಿ ಕಂಡರೆ ಮೊದಲೇ ನೀರಿನಿಂದ ದೂರದ ಬದಿಗೆ ಇಳಿದು ನಿಲ್ಲುತ್ತೇನೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಲೋಡು ಟ್ರ್ಯಾಕ್ಟರುಗಳ ಹಿಂದೆ ದೀಪ ಇರುವುದಿಲ್ಲ, ಆದ್ದರಿಂದ ಕತ್ತಲಾಗುವ ಮುಂಚೆ ಮನೆ ಸೇರುವುದು ಕಡ್ಡಾಯ. ನನ್ನ ಸೈಕಲ್ಲಿನ ಲೈಟು, ಬೆಲ್ಲು ಚೆನ್ನಾಗಿವೆ. ಸೀಟು ಆರು ತಿಂಗಳಿಗೆ ಕುಗ್ಗಿತು, ಬದಲಾಯಿಸಿದೆ. ಚೈನು 3,000 ಕಿ.ಮೀ.ಗೆ ಒಂದು ಹೊಸದು.

ನಿಮ್ಮದು ಬೆಳಿಗ್ಗೆ ಐವತ್ತು ಕಿಲೋಮೀಟರು ನಿಲ್ಲದೆ ಓಡಿಸಿ ಟಿಫಿನ್ನಿಗೆ ಮನೆಗೆ ಬರುವ ಅಭ್ಯಾಸವಾದರೆ ಈ ಸೈಕಲ್ಲು ಬೇಡ, ಭಾರ ಅನ್ನಿಸುತ್ತದೆ. ಗುಡಿ, ಕೆರೆ, ಊರಿನ ಜನ ಬೇಕೆಂದರೆ ತೆಗೆದುಕೊಳ್ಳಿ, ಆದರೆ ಕೊಂಡ ದಿನವೇ ಸ್ಟ್ಯಾಂಡು, ಟೈರು, ಫ್ರೀವೀಲಿಗೆ ಹತ್ತು ಸಾವಿರ ಬೇರೆ ಎತ್ತಿಡಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಕಳೆದದ್ದು ಕ್ಯಾರಿಯರ್ ಬೋಲ್ಟಿಗೂ ಆ ಫೋನಿಗೂ.

ಈಗ ಉಳಿದಿರುವ ಕೆಲಸ ಒಂದೇ. ಕೆಸರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಹಿಂದಿನ ರಿಮ್ಮಿನ ಬದಿ ತವೆಯಂತೆ ಒಳಗೆ ಬಾಗಿದೆ. 36 ತೂತಿನ ಹೊಸ ರಿಮ್ಮು ಮೈಸೂರಿನಿಂದ ಬರಬೇಕು, ಹೇಳಿಟ್ಟಿದ್ದೇನೆ. ಕ್ರಿಸ್‌ಮಸ್ ರಜೆಯೊಳಗೆ ಕೂತರೆ ನಾಗಮಂಗಲದ ಸೌಮ್ಯಕೇಶವನನ್ನು ನೋಡಿಕೊಂಡು ಕಂಬದಹಳ್ಳಿಯ ಪಂಚಕೂಟ ಬಸದಿಯವರೆಗೆ ಹೋಗಬೇಕು.