ಎರಡನೆಯ ರೂಟರ್ ಜೋಡಿಸಿಕೊಳ್ಳುವವರ ಗಮನಕ್ಕೆ

ಫೈಬರ್ ಸಂಪರ್ಕ ಕೊಡುವಾಗ ಕಂಪೆನಿಯವರು ಗೋಡೆಗೆ ಬಡಿದು ಹೋಗುವ ಪೆಟ್ಟಿಗೆ ಬರೇ ಮೋಡೆಮ್ ಅಲ್ಲ, ಅದರೊಳಗೇ ಒಂದು ರೂಟರ್ ಕೂಡ ಇರುತ್ತದೆ. ಮನೆಯ ಇನ್ನೊಂದು ಬದಿಗೆ ವೈ-ಫೈ ತಲುಪುವುದಿಲ್ಲವೆಂದು ಎರಡನೆಯ ರೂಟರ್ ತರಿಸುವವರು, ಈ ಎರಡರಲ್ಲಿ ಯಾವುದು ಮನೆಯ ಫೋನು, ಕಂಪ್ಯೂಟರುಗಳಿಗೆ ವಿಳಾಸ (ಜಾಲದಲ್ಲಿ ಒಂದೊಂದನ್ನೂ ಗುರುತಿಸುವ ಸಂಖ್ಯೆ) ಹಂಚುವುದೆಂದು ಜೋಡಿಸುವವರನ್ನು ಮೊದಲೇ ಕೇಳಬೇಕು. ಸರಿಯಾದ ಉತ್ತರ ಸಿಗದಿದ್ದರೆ ಕೇಬಲ್ ಸಿಕ್ಕಿಸಲು ಬಿಡಬಾರದು. ತಪ್ಪಾಗಿ ಜೋಡಿಸಿದ ರೂಟರ್ ಕೂಡಲೇ ಕೈಕೊಡುವುದಿಲ್ಲ, ಮೋಸವಿರುವುದೇ ಅಲ್ಲಿ. ಜೋಡಿಸಿದವರು ಹಣ ತೆಗೆದುಕೊಂಡು ಹೋದ ಮೇಲೆಯೇ ಅದರ ನಿಜವಾದ ಬಣ್ಣ ಬಯಲಾಗುತ್ತದೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ತೋಟದ ನಡುವೆ ಇರುವ ನಮ್ಮ ಮನೆ ಹಳೆಯದು, ಮುರಕಲ್ಲಿನ ದಪ್ಪ ಗೋಡೆಗಳದ್ದು. ಚಾವಡಿಯಲ್ಲಿರುವ ಪೆಟ್ಟಿಗೆಯ ವೈ-ಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಮಗ ಉಪ್ಪರಿಗೆಯಲ್ಲಿ ಕುಳಿತು ಬೆಂಗಳೂರಿನ ಕೆಲಸ ಮಾಡುವವನಾದ್ದರಿಂದ ಪೇಟೆಯ ಅಂಗಡಿಯೊಂದರಲ್ಲಿ ರೂಟರ್ ಕೊಂಡು, ಜೋಡಿಸಿಕೊಡುವ ಮಜೂರಿಯನ್ನೂ ಸೇರಿಸಿಯೇ ಹಣ ಕೊಟ್ಟೆವು. ಅಂಗಡಿಯಿಂದ ಬಂದ ಹುಡುಗ ಚಾವಡಿಯ ಪೆಟ್ಟಿಗೆಯ ಲ್ಯಾನ್ ಪೋರ್ಟಿನಿಂದ (ಮನೆಯೊಳಗಿನ ಸಾಧನಗಳನ್ನು ಜೋಡಿಸುವ ತೂತು) ಕೇಬಲ್ ಎಳೆದು, ಹೊಸ ರೂಟರಿನ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ವೈ-ಫೈಗೊಂದು ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, ತನ್ನ ಫೋನಿನಲ್ಲಿ ಒಂದು ವಿಡಿಯೊ ಓಡಿಸಿ ತೋರಿಸಿದ. “ಇನ್ನು ತೊಂದರೆ ಇಲ್ಲ ಅಣ್ಣಾ” ಎಂದು ಹೇಳಿ ಹೊರಟುಹೋದ. ರೂಟರಿನ ಬೇರೆ ಯಾವ ಸೆಟ್ಟಿಂಗನ್ನೂ ಅವನು ಮುಟ್ಟಿರಲಿಲ್ಲ.

ಮರುದಿನ ಮಳೆಗೆ ಕರೆಂಟು ಹೋಗಿ ಬಂತು. ಆಮೇಲೆ ಉಪ್ಪರಿಗೆಯಲ್ಲಿ ಮಾತ್ರವಲ್ಲ, ಚಾವಡಿಯಲ್ಲಿ ಪೆಟ್ಟಿಗೆಯ ಬುಡದಲ್ಲೇ ನಿಂತರೂ ಕೆಲವು ಫೋನುಗಳಿಗೆ ಇಂಟರ್ನೆಟ್ ಇಲ್ಲ. ವೈ-ಫೈ ಚಿಹ್ನೆಯೇನೋ ತುಂಬಿ ನಿಂತಿತ್ತು, ಆದರೆ ಯಾವ ಪುಟವೂ ತೆರೆಯುತ್ತಿರಲಿಲ್ಲ. ಇನ್ನು ಕೆಲವು ಫೋನುಗಳಲ್ಲಿ ಸ್ವಲ್ಪ ಹೊತ್ತು ಬಂದು ಮತ್ತೆ ಹೋಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಬೇರೆಯೇ. ರೂಟರಿನ ಸೆಟ್ಟಿಂಗ್ ಪುಟ ತೆರೆಯಲು ಮಗ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅದರ ವಿಳಾಸ 192.168.1.1 ಎಂದು ಹೊಡೆದರೆ ಒಮ್ಮೆ ಫೈಬರ್ ಕಂಪೆನಿಯ ಪೆಟ್ಟಿಗೆಯ ಲಾಗಿನ್ ಪುಟ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಹೊಡೆದರೆ ಹೊಸ ರೂಟರಿನ ಪುಟ ಬರುತ್ತಿತ್ತು. ರೋಗದ ಗುರುತು ಅದೇ ಎಂಬುದು ಗೊತ್ತಿರುವವರಿಗೆ ಆ ಒಂದು ನೋಟವೇ ಸಾಕು.

ಆದದ್ದು ಇಷ್ಟು. ಮನೆಯ ಜಾಲಕ್ಕೆ ಸೇರುವ ಪ್ರತಿಯೊಂದು ಫೋನೂ ತನಗೊಂದು ವಿಳಾಸ ಬೇಕೆಂದು ಕೂಗಿ ಕೇಳುತ್ತದೆ, ರೂಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಅದನ್ನು ಕೊಡುತ್ತದೆ, ಜತೆಗೆ ಹೊರಗೆ ಹೋಗುವ ದಾರಿ, ಅಂದರೆ ಗೇಟ್‌ವೇ ಯಾವುದೆಂದೂ ತಿಳಿಸುತ್ತದೆ. ಲ್ಯಾನ್‌ನಿಂದ ಲ್ಯಾನ್‌ಗೆ ಕೇಬಲ್ ಕೊಟ್ಟಾಗ ಎರಡೂ ರೂಟರುಗಳು ಒಂದೇ ಜಾಲಕ್ಕೆ ಸೇರಿಕೊಳ್ಳುತ್ತವೆ. ಆಗ ಒಂದೇ ಊಟದ ಚಪ್ಪರದ ಎರಡು ಬಾಗಿಲಲ್ಲಿ ಇಬ್ಬರು ಪರಸ್ಪರ ಕೇಳಿಕೊಳ್ಳದೆ ಟೋಕನ್ ಹಂಚಿದಂತಾಗುತ್ತದೆ. ಫೋನು ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಹಿಡಿದುಕೊಳ್ಳುತ್ತದೆ. ಹೊಸ ರೂಟರಿನಿಂದ ವಿಳಾಸ ಪಡೆದ ಫೋನು ಹೊರಗಿನ ದಾರಿಗಾಗಿ ಅದನ್ನೇ ನಂಬುತ್ತದೆ, ಆದರೆ ಹೊರಗಿನ ಇಂಟರ್ನೆಟ್ ಬರಬೇಕಾದ ಅದರ ವ್ಯಾನ್ ಪೋರ್ಟು ಖಾಲಿ ಬಿದ್ದಿರುವುದರಿಂದ ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಸಾಲದ್ದಕ್ಕೆ ನಮ್ಮಲ್ಲಿ ಎರಡಕ್ಕೂ ಕಾರ್ಖಾನೆಯಿಂದಲೇ ಬಂದ ವಿಳಾಸ 192.168.1.1 ಆಗಿದ್ದು, ಒಂದೇ ಹೆಸರಿಗೆ ಇಬ್ಬರೂ ಓಗೊಡುತ್ತಿದ್ದರು.

ಹುಡುಗ ತೋರಿಸಿದ ವಿಡಿಯೊ ಸರಾಗವಾಗಿ ಓಡಿದ್ದು ಅವನ ಫೋನಿಗೆ ಅದೃಷ್ಟವಶಾತ್ ಹಳೆಯ ಪೆಟ್ಟಿಗೆಯ ಉತ್ತರ ಮೊದಲು ಸಿಕ್ಕಿದ್ದರಿಂದ. ಮನೆಯ ಉಳಿದ ಫೋನುಗಳು ಮೊದಲೇ ಪಡೆದಿದ್ದ ವಿಳಾಸದಲ್ಲಿ ನಡೆಯುತ್ತಿದ್ದವು. ಕರೆಂಟು ಹೋಗಿ ಬಂದಾಗ ಲೆಕ್ಕ ತಲೆಕೆಳಗಾಯಿತು. ಫೈಬರ್ ಪೆಟ್ಟಿಗೆ ಎದ್ದು ಕಂಪೆನಿಯ ಕಡೆಯೊಂದಿಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಹೆಚ್ಚು ಸಮಯ ಬೇಕು; ಸಣ್ಣ ರೂಟರ್ ಅದಕ್ಕಿಂತ ಬೇಗ ಏಳುತ್ತದೆ, ಎದ್ದೊಡನೆ ವಿಳಾಸ ಹಂಚತೊಡಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುವ ನಮ್ಮ ಕಡೆಯಲ್ಲಿ ಇಂತಹ ಜೋಡಣೆ ಒಂದು ವಾರವೂ ಬಾಳಲಾರದು.

ಅಂಗಡಿಗೆ ಫೋನು ಮಾಡಿದರೆ ಲೈನು ಕೆಟ್ಟಿದೆ, ಕಂಪೆನಿಗೆ ಹೇಳಿ ಎಂದರು. ಕಂಪೆನಿಯವರು ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿಲ್ಲವಾದರೆ ಲೈನು ಸರಿಯೇ ಇದೆ ಎಂದರು, ಅದು ನಿಜವೂ ಆಗಿತ್ತು. ಕೊನೆಗೆ ಅಂಗಡಿಯವರು ಇನ್ನೊಬ್ಬನನ್ನು ಕಳುಹಿಸಿದರು. ಅವನು ಬಂದವನೇ ಒಂದು ಪಿನ್ನು ಕೇಳಿ ಪಡೆದು, ಯಾರೊಡನೆಯೂ ಒಂದು ಮಾತೂ ಆಡದೆ ಫೈಬರ್ ಪೆಟ್ಟಿಗೆಯ ಹಿಂಬದಿಯ ರೀಸೆಟ್ ತೂತಿಗೆ ಚುಚ್ಚಿ ಹಿಡಿದುಬಿಟ್ಟ. ತನ್ನ ಜಾಲಕ್ಕೆ ಲಾಗಿನ್ ಆಗಲು ಕಂಪೆನಿ ಹಾಕಿಕೊಟ್ಟಿದ್ದ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್, ಆ ಸಂಪರ್ಕಕ್ಕೆ ಬೇಕಾದ ವಿಲ್ಯಾನ್ ಸಂಖ್ಯೆ ಎಲ್ಲವೂ ಅಳಿಸಿಹೋದವು. ಅದೇ ಪೆಟ್ಟಿಗೆಯಿಂದ ಲ್ಯಾಂಡ್‌ಲೈನು ಕೂಡ ಬರುತ್ತಿದ್ದುದರಿಂದ ಅದೂ ಸತ್ತಿತು. ತೋಟದ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಸರಿಯಿಲ್ಲದ ನಮ್ಮ ಮನೆಯಲ್ಲಿ ಅಮ್ಮನಿಗೆ ಹೊರಗಿನವರೊಡನೆ ಮಾತಿಗೆ ಇದ್ದದ್ದು ಅದೊಂದೇ. ಎರಡನೆಯ ಶನಿವಾರ, ಕಚೇರಿಗೆ ರಜೆ. ಸೋಮವಾರ ಕಂಪೆನಿಯ ಲೈನ್‌ಮ್ಯಾನ್ ಬಂದು ಎಲ್ಲವನ್ನೂ ಮತ್ತೆ ತುಂಬಿಸುವ ತನಕ ಮನೆ ಮೂಕವಾಗಿತ್ತು. ಕಂಪೆನಿಯ ಪೆಟ್ಟಿಗೆಯ ರೀಸೆಟ್ ಗುಂಡಿಗೆ ಕಂಪೆನಿಯವರಲ್ಲದೆ ಬೇರೆಯವರು ಕೈ ಹಾಕಲು ಬಂದರೆ ದಯವಿಟ್ಟು ತಡೆಯಿರಿ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಹೊಸ ರೂಟರಿನಲ್ಲಿ ‘ಆಕ್ಸೆಸ್ ಪಾಯಿಂಟ್’ (ಇರುವ ಜಾಲದ ವೈ-ಫೈಯನ್ನು ಹರಡುವುದಷ್ಟೇ ಕೆಲಸ) ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು, ವಿಳಾಸ ಹಂಚುವ ಕೆಲಸವನ್ನು ಅದು ತಾನಾಗಿಯೇ ಬಿಟ್ಟುಕೊಡುತ್ತದೆ. ಆ ಆಯ್ಕೆ ಇಲ್ಲದಿದ್ದರೆ, ಮನೆಯ ಜಾಲಕ್ಕೆ ಸೇರಿಸುವ ಮೊದಲೇ ಅದನ್ನು ಒಂದು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ, ಅದರ ವಿಳಾಸವನ್ನು 192.168.1.2 ಎಂಬಂತೆ ಬದಲಿಸಿ, ಡಿಎಚ್‌ಸಿಪಿಯನ್ನು ನಿಲ್ಲಿಸಿ, ಆಮೇಲೆ ಲ್ಯಾನ್‌ನಿಂದ ಲ್ಯಾನ್‌ಗೆ ಕೇಬಲ್ ಕೊಡಬೇಕು. ಈ ಹೊಸ ವಿಳಾಸ ಹಳೆಯ ಪೆಟ್ಟಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಬರದಂತೆ ನೋಡಿಕೊಳ್ಳಬೇಕು. ಎರಡರ ನಡುವೆ ಕೇಬಲ್ ಒಂದೇ ಇರಲಿ, ವೇಗ ಹೆಚ್ಚುತ್ತದೆಂದು ಎರಡು ಕೊಟ್ಟರೆ ಜಾಲದೊಳಗೆ ಸುತ್ತು ಉಂಟಾಗಿ ಎಲ್ಲವೂ ನಿಂತೇಹೋಗಬಹುದು.

ಕೇಬಲನ್ನು ಹೊಸ ರೂಟರಿನ ವ್ಯಾನ್ ಪೋರ್ಟಿಗೆ ಕೊಟ್ಟರೂ ಇಂಟರ್ನೆಟ್ ಬರುತ್ತದೆ. ಆದರೆ ಆಗ ಹೊಸ ರೂಟರಿನ ವಿಳಾಸಗಳ ಸಾಲು 192.168.2 ಎಂಬಂತೆ ಬೇರೆಯಾಗಿರಬೇಕು. ಅಲ್ಲದೆ ಜಾಲದೊಳಗೆ ಒಂದರ ಹಿಂದೆ ಒಂದು ಗೋಡೆಯೆದ್ದಂತಾಗಿ, ಹೊಸ ರೂಟರಿನ ಹಿಂದಿರುವ ಪ್ರಿಂಟರ್ ಚಾವಡಿಯ ಫೋನಿಗೆ ಕಾಣಿಸುವುದಿಲ್ಲ. ಗಲ್ಫಿನಲ್ಲಿರುವ ಮಕ್ಕಳು ಅಂಗಳದ ಕ್ಯಾಮೆರಾ ನೋಡಲೆಂದು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಳಗಿನ ಸಾಧನಕ್ಕೆ ನೇರ ದಾರಿ) ಮಾಡಿಸಿಕೊಂಡಿರುವ ಮನೆಗಳಲ್ಲಿ ಕ್ಯಾಮೆರಾ ಪೆಟ್ಟಿಗೆಯನ್ನು ಈ ಹೊಸ ರೂಟರಿಗೆ ಜೋಡಿಸಿದರೆ ಅದೂ ಕೈತಪ್ಪುತ್ತದೆ.

ಇನ್ನೊಂದು ಮಾತು. ಅಂಗಳ ದಾಟಿಸಿ ಕೊಟ್ಟಿಗೆಗೋ ಪಕ್ಕದ ಮನೆಗೋ ಇದೇ ತಾಮ್ರದ ಕೇಬಲ್ ಎಳೆಯುವುದು ನಮ್ಮೂರಿನಲ್ಲಿ ಅಪಾಯ. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ತಾಮ್ರ ಒಯ್ಯುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನ ಹೊಡೆತವೂ ಆ ಕೇಬಲ್ ಹಿಡಿದು ಎರಡೂ ಪೆಟ್ಟಿಗೆಗಳನ್ನು ಸುಡಬಲ್ಲದು.

ಜೋಡಿಸಿದವರನ್ನು ಕಳುಹಿಸುವ ಮೊದಲು ಎರಡೂ ಪೆಟ್ಟಿಗೆಗಳ ಸ್ವಿಚ್ಚನ್ನು ಒಟ್ಟಿಗೆ ಆರಿಸಿ ಒಟ್ಟಿಗೆ ಹಾಕಿಸಿ. ಫೈಬರ್ ಪೆಟ್ಟಿಗೆ ಪೂರ್ತಿ ಎದ್ದ ಮೇಲೆ ಹೊಸ ರೂಟರಿನ ಪಕ್ಕದಲ್ಲಿ ನಿಂತು, ಫೋನಿನ ವೈ-ಫೈ ವಿವರದಲ್ಲಿ ಗೇಟ್‌ವೇ ಎಂದಿರುವಲ್ಲಿ ನೋಡಿ. ಆಕ್ಸೆಸ್ ಪಾಯಿಂಟ್ ಆಗಿ ಜೋಡಿಸಿದ್ದರೆ ಅಲ್ಲಿ ಹಳೆಯ ಪೆಟ್ಟಿಗೆಯ ವಿಳಾಸವೇ ಇರಬೇಕು, ಮತ್ತು ಹೊಸ ರೂಟರಿನ ಪುಟ ತನ್ನ ಬೇರೆ ವಿಳಾಸದಲ್ಲಿ ತೆರೆಯಬೇಕು. ಇಷ್ಟನ್ನು ಮನೆಯ ಒಂದಕ್ಕಿಂತ ಹೆಚ್ಚು ಫೋನುಗಳಲ್ಲಿ ನೋಡಿದ ಮೇಲೆಯೇ ಹಣ ಕೊಡಿ.